ಫುಟ್‌ಪಾತಿನಲ್ಲಿ ಮಲಗುವವರಿಗೆ ಮಾತ್ರೆ ಮುಟ್ಟಿಸುವುದು: ಊರಿನ ಸಣ್ಣ ತಂಡಕ್ಕೊಂದು ಮಾರ್ಗದರ್ಶಿ

ಸರ್ಕಾರಿ ಆಸ್ಪತ್ರೆಯ ಔಷಧ ಕೌಂಟರಿನಲ್ಲಿ ಬಿಪಿ ಇರುವವರಿಗೆ 30 ದಿನದ ಮಾತ್ರೆ ಒಟ್ಟಿಗೇ ಕೊಡುವುದುಂಟು. ಮನೆ ಇದ್ದವರಿಗೆ ಅದು ಅನುಕೂಲ. ಕೆ.ಆರ್. ಮಾರ್ಕೆಟ್ಟಿನ ಕಟ್ಟೆಯ ಮೇಲೋ ಮೆಜೆಸ್ಟಿಕ್ಕಿನ ಬಸ್‌ ನಿಲ್ದಾಣದ ಪಕ್ಕದಲ್ಲೋ ಮಲಗುವವರ ಕೈಯಲ್ಲಿ ಅದೇ ಪೊಟ್ಟಣ ನಾಲ್ಕು ರಾತ್ರಿ ಉಳಿದರೆ ಹೆಚ್ಚು. ಮಳೆಗೆ ನೆನೆಯುತ್ತದೆ. ತಲೆದಿಂಬು ಮಾಡಿಕೊಂಡ ಚೀಲದ ಜತೆ ಕಳುವಾಗುತ್ತದೆ. ಬೆಳಗ್ಗೆ ಕಸದ ಗಾಡಿ ಬಂದಾಗ ಕಂಬಳಿಯೊಂದಿಗೇ ಹೋಗುತ್ತದೆ. ಮುಂದಿನ ಭೇಟಿಯಲ್ಲಿ ಚೀಟಿಯ ಮೇಲೆ ಬೀಳುವ ಮಾತು ಮಾತ್ರ ‘ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿಲ್ಲ’ ಅಂತ.

ಕರ್ನಾಟಕದಲ್ಲಿ ಔಷಧ ಉಚಿತವಾಗಿ ಸಿಗುತ್ತದೆ, ಪರೀಕ್ಷೆ ಸಿಗುತ್ತದೆ. ಇಡಲು ಜಾಗ, ತಿನ್ನಲು ಹೊತ್ತು, ಕೇಳಲು ಒಬ್ಬರು ಇಲ್ಲದಿರುವುದೇ ತೊಡಕು. ಈ ಮೂರನ್ನು ಹೊಂದಿಸುವುದು ಹೇಗೆಂದು ಇಲ್ಲಿ ಬರೆದಿದೆ. ನರ್ಸುಗಳು, ಔಷಧ ಅಂಗಡಿಯವರು, ರಾತ್ರಿ ತಂಗುದಾಣ ನೋಡಿಕೊಳ್ಳುವವರು, ವಾರಕ್ಕೆರಡು ಸಂಜೆ ಬಿಡುವಿರುವ ಯಾರೇ ಆದರೂ ಸೇರಿ ಮಾಡಬಹುದಾದ ಕೆಲಸ ಇದು.

ಮೊದಲ ಎರಡು ವಾರ ಮಾತ್ರೆ ಬೇಡ

ಮೊದಲು ಜಾಗ ನೋಡಿ. ಅಂಗಡಿಗಳ ಶಟರ್ ಎಳೆದ ಮೇಲೆ, ರಾತ್ರಿ 9ರಿಂದ 10:30ರ ತನಕ, ಯಾರು ಎಲ್ಲಿ ಮಲಗುತ್ತಾರೆಂದು ಗೊತ್ತಾಗುತ್ತದೆ. ಬೆಳಗ್ಗೆ 5ಕ್ಕೆ ಹೋದರೆ ಯಾರಿಗೆ ಕೆಮ್ಮಿದೆ, ಯಾರು ಕುಂಟುತ್ತಾರೆ ಎಂಬುದು ಕಾಣುತ್ತದೆ. ವಾರ, ಹೊತ್ತು, ಜಾಗ ಬದಲಿಸಬೇಡಿ. ಮಂಗಳವಾರ ಬರುತ್ತೇವೆಂದು ಹೇಳಿ ಒಂದು ಮಂಗಳವಾರ ತಪ್ಪಿಸಿದರೆ ಮತ್ತೆ ಒಂದು ತಿಂಗಳ ಕೆಲಸ ಬೀಳುತ್ತದೆ.

ಮಾತು ‘ಊಟ ಆಯ್ತಾ ಅಣ್ಣ’, ‘ಊಟ ಆಯ್ತೇನಮ್ಮ’ ಎಂದೇ ಶುರುವಾಗಲಿ. ಹೆಸರು, ಊರು, ಜಾತಿ, ಆಧಾರ್ ಯಾವುದನ್ನೂ ಮೊದಲ ದಿನ ಕೇಳಬೇಡಿ. ಮಲಗಿದವರನ್ನು ಮುಟ್ಟಿ ಎಬ್ಬಿಸಬಾರದು. ಕಾಲಿನ ಕಡೆ ಎರಡು ಹೆಜ್ಜೆ ದೂರ ನಿಂತು ಕೂಗಿ. ಪೊಲೀಸರ ಲಾಠಿಗೆ ಎದ್ದು ಅಭ್ಯಾಸವಾದವರು ಮುಟ್ಟಿದ ಕೂಡಲೇ ಕೈ ಬೀಸುತ್ತಾರೆ, ಅದು ಅವರ ತಪ್ಪಲ್ಲ. ಕೂಗಿದರೂ ಅಲುಗಾಡದಿದ್ದರೆ ಮಾತ್ರ ಹತ್ತಿರ ಹೋಗಿ ಉಸಿರು ನೋಡಿ.

ಜೀಪು, ವ್ಯಾನು ದೂರ ನಿಲ್ಲಿಸಿ ನಡೆದು ಬನ್ನಿ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಕರೆದೊಯ್ಯುತ್ತಾರೆಂಬ ಭಯ ಬೀದಿಯಲ್ಲಿ ಈಗಲೂ ಗಟ್ಟಿಯಾಗಿದೆ. ವ್ಯಾನು ಕಂಡರೆ ಅರ್ಧ ಜನ ಎದ್ದು ಹೋಗುತ್ತಾರೆ. ಫೋಟೋ ತೆಗೆಯಬೇಡಿ, ದಾನಿಗಳು ಎಷ್ಟೇ ಕೇಳಲಿ.

ಈ ಎರಡು ವಾರದಲ್ಲಿ ಇನ್ನೊಂದು ಲೆಕ್ಕ ಹಾಕಬೇಕು: ಯಾರಿಗೆ ಯಾವ ಹೊತ್ತು ಬಿಡುವು? ಮಾರ್ಕೆಟ್ಟಿನ ಹಮಾಲಿಗಳ ಕೆಲಸ ನಸುಕಿನಲ್ಲಿ ಶುರುವಾಗಿ ಮಧ್ಯಾಹ್ನದ ಹೊತ್ತಿಗೆ ತಣ್ಣಗಾಗುತ್ತದೆ. ಅವರನ್ನು ಬೆಳಗ್ಗೆ 9ರಿಂದ ಸಂಜೆ 4:30ರ ತನಕ ತೆರೆದಿರುವ, ಸರ್ಕಾರದ ‘ನಮ್ಮ ಕ್ಲಿನಿಕ್’ ಎಂಬ ಚಿಕಿತ್ಸಾಲಯಕ್ಕೆ ಕರೆದೊಯ್ಯಬಹುದು. ಗಾರೆ ಕೆಲಸದವರಿಗೆ ಆ ಸಮಯ ಒಗ್ಗುವುದೇ ಇಲ್ಲ. ಆದರೆ ಕೂಲಿಗೆ ನಿಲ್ಲುವ ವೃತ್ತದಲ್ಲಿ ಬೆಳಗ್ಗೆ 10ರ ತನಕ ಮೇಸ್ತ್ರಿ ಕರೆಯದೆ ಉಳಿದವರಿಗೆ ಆ ದಿನ ಪೂರ್ತಿ ಖಾಲಿ. ಅವತ್ತು ಅವರನ್ನು ಬಿಡಬೇಡಿ.

ಚೀಟಿ ಮತ್ತು ಕಾನೂನು

ಸ್ವಯಂಸೇವಕರು ತಾವಾಗಿ ಆಂಟಿಬಯಾಟಿಕ್ ಹಂಚುವುದು, ಮನೆಗಳಿಂದ ಉಳಿದ ಸ್ಟ್ರಿಪ್ ಸಂಗ್ರಹಿಸಿ ಕೊಡುವುದು ತಪ್ಪು, ಅಪಾಯವೂ ಹೌದು. ತಂಡಕ್ಕೆ ಒಬ್ಬ ನೋಂದಾಯಿತ ವೈದ್ಯರು, ಒಬ್ಬ ನೋಂದಾಯಿತ ಫಾರ್ಮಸಿಸ್ಟ್ ಇರಲೇಬೇಕು. ವಾರಕ್ಕೊಂದು ದಿನ ಬಂದರೆ ಸಾಕು. ಉಳಿದ ದಿನ ಅವರು ಬರೆದುಕೊಟ್ಟದ್ದನ್ನು ಮುಟ್ಟಿಸುವುದು, ಗಾಯ ತೊಳೆಯುವುದು, ಆಸ್ಪತ್ರೆಗೆ ಜತೆ ಹೋಗುವುದು ಉಳಿದವರ ಕೆಲಸ.

ಚೀಟಿಯಲ್ಲಿ ರೋಗಿಯ ಹೆಸರು, ವಿಳಾಸ, ಒಟ್ಟು ಪ್ರಮಾಣ, ತೆಗೆದುಕೊಳ್ಳುವ ಬಗೆ, ವೈದ್ಯರ ಸಹಿ, ದಿನಾಂಕ ಇರಬೇಕೆಂದು 1945ರ ಔಷಧ ನಿಯಮಗಳು ಹೇಳುತ್ತವೆ. ವಿಳಾಸದ ಸಾಲು ಖಾಲಿ ಬಿಟ್ಟರೆ ಕೌಂಟರಿನಲ್ಲಿ ತಕರಾರು ಬರುತ್ತದೆ. ಮಲಗುವ ಜಾಗವನ್ನೇ ವಿಳಾಸವಾಗಿ ಬರೆಸಿ, ಇಂಥ ಬಸ್ ನಿಲ್ದಾಣದ ಹಿಂಬದಿ, ಇಂಥ ದೇವಸ್ಥಾನದ ಎದುರಿನ ಫುಟ್‌ಪಾತ್ ಅಂತ. ಇಲ್ಲವೇ ಅನುಮತಿ ಪಡೆದು ತಂಗುದಾಣದ ಕೇರಾಫ್ ಹಾಕಿಸಿ. ಬೇರೆ ಸ್ವಯಂಸೇವಕರು ಮುಂದಿನ ವಾರ ಹುಡುಕಿಕೊಂಡು ಹೋಗಲೂ ಅದೇ ಸಾಲು ಬೇಕಾಗುತ್ತದೆ.

ಚೀಲದಲ್ಲಿ ಏನಿರಬೇಕು

ಒಂದು ಸಂಜೆಗೆ 25ರಿಂದ 30 ಜನ ಎಂದಿಟ್ಟುಕೊಂಡರೆ: 500 ಮಿಲಿ ನಾರ್ಮಲ್ ಸಲೈನ್ 4 ಬಾಟಲಿ, ಸ್ಟೆರೈಲ್ ಗಾಜ್ 40 ಪ್ಯಾಕೆಟ್, ರೋಲರ್ ಬ್ಯಾಂಡೇಜ್ 15, ಅಂಟುಪಟ್ಟಿ 3 ಸುರುಳಿ, ಗ್ಲೌಸ್ ಒಂದು ಡಬ್ಬಿ, ಪೊವಿಡೋನ್ ಅಯೋಡಿನ್, ಬಿಪಿ ಯಂತ್ರ, ಶುಗರ್ ನೋಡುವ ಗ್ಲೂಕೋಮೀಟರ್, ಅದರ 25 ಸ್ಟ್ರಿಪ್, ಪಲ್ಸ್ ಆಕ್ಸಿಮೀಟರ್, ಥರ್ಮಾಮೀಟರ್, ತೂಕದ ಯಂತ್ರ, ತಲೆಗೆ ಕಟ್ಟುವ ಟಾರ್ಚು. ಸ್ಟ್ರಿಪ್ ಡಬ್ಬಿಯ ಮುಚ್ಚಳ ಪ್ರತಿಸಲ ಮುಚ್ಚಿ. ತೇವ ಹಿಡಿದ ಸ್ಟ್ರಿಪ್ ಸುಳ್ಳು ಸಂಖ್ಯೆ ತೋರಿಸುತ್ತದೆ. ರಕ್ತ, ಕೀವು ತಾಗಿದ ಬಟ್ಟೆ ಹಳದಿ ಚೀಲಕ್ಕೆ, ಸೂಜಿ ತೂತಾಗದ ಬಿಳಿ ಡಬ್ಬಿಗೆ. ಎರಡನ್ನೂ ಆಸ್ಪತ್ರೆಗೆ ಒಪ್ಪಿಸಬೇಕು, ರಸ್ತೆಯ ಕಸಕ್ಕೆ ಹಾಕಿದರೆ ಚಿಂದಿ ಆಯುವವರ ಕೈಗೇ ಚುಚ್ಚುತ್ತದೆ.

ಓಆರ್‌ಎಸ್ ಪೊಟ್ಟಣ 20 ಇರಲಿ, ಅದರ ಜತೆ 1 ಲೀಟರಿನ ಖಾಲಿ ನೀರಿನ ಬಾಟಲಿಗಳೂ ಇರಲಿ. ದೊಡ್ಡ ಪೊಟ್ಟಣ ಕಲಸಬೇಕಾದದ್ದು ಪೂರ್ತಿ 1 ಲೀಟರಿಗೆ. ಅಳತೆಯ ಪಾತ್ರೆ ಇಲ್ಲದವರು ಟೀ ಲೋಟಕ್ಕೆ ಸುರಿದು ಕುಡಿಯುತ್ತಾರೆ, ಉಪ್ಪು ಹೆಚ್ಚಾಗಿ ವಾಂತಿ ಬೇಧಿ ಜೋರಾಗುತ್ತದೆ.

ಮಾತ್ರೆ ಕಟ್ಟುವ ಬಗೆ

ಒಮ್ಮೆಗೆ 7 ದಿನದ್ದು, ತಂಗುದಾಣದಲ್ಲಿ ಬೀಗದ ಪೆಟ್ಟಿಗೆ ಇದ್ದರೆ 14 ದಿನದ್ದು. ಸ್ಟ್ರಿಪ್ ಕತ್ತರಿಸುವಾಗ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಅಚ್ಚಾದ ತುದಿಯನ್ನು ನಿಮ್ಮ ಬಳಿ ಉಳಿಸಿಕೊಂಡು ಇನ್ನೊಂದು ತುದಿಯಿಂದ ಕತ್ತರಿಸಿ. ಕೊಡುವ ತುಂಡಿಗೆ ಮಾತ್ರೆಯ ಹೆಸರು, ಅವಧಿ ಬರೆದ ಸಣ್ಣ ಚೀಟಿ ಸೇರಿಸಿ. ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಕಾಗದದ ಲಕೋಟೆಗೆ ಹಾಕಲೇಬಾರದು; ಬೆವರಿಗೆ ಎರಡೇ ದಿನದಲ್ಲಿ ಪುಡಿಯಾಗುತ್ತವೆ. ಜಿಪ್ ಕವರಿಗೆ ಹಾಕಿ, ಗಾಳಿ ಹಿಂಡಿ, ಮೂಲೆಗೆ ತೂತು ಮಾಡಿ ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳುವಂತೆ ಕೊಡಿ. ಹೆಂಗಸರಿಗೆ ಲಂಗದ ಒಳಜೇಬು ಹೊಲಿಸಿ ಕೊಟ್ಟರೆ ಇನ್ನೂ ಒಳ್ಳೆಯದು. ಓದಲು ಬಾರದವರಿಗೆ ಕವರಿನ ಮೇಲೆ ಸೂರ್ಯ, ಚಂದ್ರನ ಚಿತ್ರ ಬಿಡಿಸಿ, ಎಷ್ಟು ಮಾತ್ರೆಯೋ ಅಷ್ಟು ಚುಕ್ಕೆ ಇಡಿ.

ಮೈಮೇಲೆ ಇಟ್ಟುಕೊಳ್ಳಲಾಗದವರಿಗೆ ನಂಬಿಕೆಯ ಒಂದು ಜಾಗ ಬೇಕು. ಟೀ ಅಂಗಡಿ, ಶೌಚಾಲಯದ ಹಣ ತೆಗೆದುಕೊಳ್ಳುವವರ ಮೇಜಿನ ಖಾನೆ, ದರ್ಗಾದ ಕೋಣೆ, ಹೂವಿನ ಅಂಗಡಿ, ಎಲ್ಲಾದರೂ ಸರಿ. ಜಾಗ ಆರಿಸುವವರು ರೋಗಿಯೇ ಆಗಿರಬೇಕು. ಇಟ್ಟುಕೊಳ್ಳುವವರಿಗೆ ಕಾಯಿಲೆ ಏನೆಂದು ಹೇಳಬೇಡಿ. ಟಿಬಿ ಅಂತ ಗೊತ್ತಾದರೆ ಮರುದಿನದಿಂದ ಟೀ ಗ್ಲಾಸೂ ಸಿಗುವುದಿಲ್ಲ.

ಯಾವ ಮಾತ್ರೆ ಎಂಬುದು ವೈದ್ಯರ ನಿರ್ಧಾರ. ಆದರೆ ಬೀದಿಯ ಬದುಕಿನ ಸಂಗತಿ ಅವರಿಗೆ ಹೇಳುವುದು ನಿಮ್ಮ ಕೆಲಸ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ಬರೆದಿದ್ದರೆ ರಾತ್ರಿ ಶೌಚಾಲಯಕ್ಕೆ ಬೀಗ ಬೀಳುತ್ತದೆಂದು ತಿಳಿಸಿ. ಹೆಂಗಸರು ಕತ್ತಲಲ್ಲಿ ಎದ್ದು ಹೋಗುವ ಭಯಕ್ಕೆ ಮಾತ್ರೆಯನ್ನೂ ಬಿಡುತ್ತಾರೆ, ನೀರನ್ನೂ ಬಿಡುತ್ತಾರೆ. ಅಮ್ಲೋಡಿಪಿನ್ ಕೊಟ್ಟರೆ ಪಾದ ಊದಿಕೊಳ್ಳಬಹುದು. ಅದನ್ನು ಮುಂಚೆಯೇ ಹೇಳದಿದ್ದರೆ ‘ಮಾತ್ರೆ ವಿಷ’ ಎಂದು ಎಸೆಯುತ್ತಾರೆ. ನಿದ್ದೆ ತರಿಸುವ ಮಾತ್ರೆಯನ್ನು ಬೀದಿಯಲ್ಲಿ ಒಂಟಿಯಾಗಿ ಮಲಗುವ ಹೆಂಗಸು ನುಂಗುವುದಿಲ್ಲ, ನುಂಗಬಾರದು ಕೂಡ. ಗಾಢ ನಿದ್ದೆ ಅವಳಿಗೆ ಅಪಾಯ. ದಿನಕ್ಕೆ ಮೂರು ಹೊತ್ತಿನ ಮಾತ್ರೆ ಇದ್ದರೆ ಒಂದು ಹೊತ್ತಿನದಕ್ಕೆ ಬದಲಿಸಲು ಆಗುವುದೇ ಎಂದು ಕೇಳಿ. ಟ್ರಮಡಾಲ್, ಆಲ್‌ಪ್ರಜೋಲಾಂ, ಪ್ರಿಗ್ಯಾಬಲಿನ್‌ನಂಥ ಮತ್ತು ಬರಿಸುವ ಮಾತ್ರೆಗಳಿಗೆ ಬೀದಿಯಲ್ಲಿ ಬೆಲೆಯಿದೆ, ಅವು ಜೇಬಿನಲ್ಲಿದ್ದರೆ ರಾತ್ರಿ ಹೊಡೆತ ಬೀಳುತ್ತದೆ. ಬೇಕೇಬೇಕಿದ್ದರೆ ಎರಡು ದಿನದ್ದು ಮಾತ್ರ ಕೊಡಿಸಿ.

ಶುಗರ್: ಇಲ್ಲಿ ತಪ್ಪಿದರೆ ಆ ರಾತ್ರಿಯೇ ಜೀವಕ್ಕೆ ಬರುತ್ತದೆ

ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಮಾತ್ರೆಗಳು ಊಟ ಮಾಡಿದರೂ ಮಾಡದಿದ್ದರೂ ಸಕ್ಕರೆ ಇಳಿಸುತ್ತವೆ. ಊಟ ಗ್ಯಾರಂಟಿ ಇಲ್ಲದವರಿಗೆ ಇವು ಅಪಾಯ. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಆ ಭಯ ಬಹಳ ಕಡಿಮೆ, ಆದರೆ ಖಾಲಿ ಹೊಟ್ಟೆಗೆ ತಿಂದರೆ ಬೇಧಿಯಾಗುತ್ತದೆ. ಮೂತ್ರಪಿಂಡ ಕೆಟ್ಟವರಿಗೆ, ವಿಪರೀತ ಕುಡಿಯುವವರಿಗೆ ಆಗುವುದಿಲ್ಲ. ‘ಊಟ ಇಲ್ಲದ ಹೊತ್ತು ಮಾತ್ರೆಯೂ ಬೇಡವೇ?’ ಎಂದು ವೈದ್ಯರನ್ನು ನೇರವಾಗಿ ಕೇಳಿ, ಉತ್ತರವನ್ನು ಚೀಟಿಯಲ್ಲೇ ಬರೆಸಿಕೊಳ್ಳಿ.

ಸಕ್ಕರೆ ಇಳಿದವರು ನೋಡಲು ಕುಡಿದವರ ಹಾಗೇ ಇರುತ್ತಾರೆ. ಮಾತು ತೊದಲುತ್ತದೆ, ಹೆಜ್ಜೆ ತಪ್ಪುತ್ತದೆ, ಸಿಟ್ಟು ಬರುತ್ತದೆ, ಮೈ ತಣ್ಣಗೆ ಬೆವರುತ್ತದೆ. ಜನ ದಾಟಿಕೊಂಡು ಹೋಗುತ್ತಾರೆ. ಹೆಂಡದ ವಾಸನೆ ಬಂದರೂ ಬೆರಳು ಚುಚ್ಚಿ ನೋಡಿ, ಕುಡಿದವರಿಗೂ ಸಕ್ಕರೆ ಇಳಿಯುತ್ತದೆ. 70ಕ್ಕಿಂತ ಕಡಿಮೆ ಇದ್ದು ನುಂಗುವ ಎಚ್ಚರ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರಿದ ಮೇಲೆ ಇಡ್ಲಿಯೋ ಬನ್ನೋ ತಿನ್ನಿಸಿ. ಎಚ್ಚರ ಇಲ್ಲದವರ ಬಾಯಿಗೆ ಏನೂ ಸುರಿಯಬೇಡಿ. ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ, 108ಕ್ಕೆ ಕರೆ ಮಾಡಿ.

ಇನ್ಸುಲಿನ್ ಹಾಕಿಕೊಳ್ಳುವವರಿದ್ದರೆ ತೆರೆಯದ ಬಾಟಲಿ 2ರಿಂದ 8 ಡಿಗ್ರಿಯಲ್ಲಿರಬೇಕು, ತಂಗುದಾಣದ ಅಥವಾ ಹೋಟೆಲಿನ ಫ್ರಿಜ್ಜಿನಲ್ಲಿ ಇಡಿಸಿ, ಫ್ರೀಜರಿನಲ್ಲಿ ಬೇಡ. ಒಮ್ಮೆ ಹೆಪ್ಪುಗಟ್ಟಿದ್ದು ಕೆಲಸಕ್ಕೆ ಬಾರದು. ಬಳಕೆಯಲ್ಲಿರುವ ಬಾಟಲಿ ನೆರಳಿನಲ್ಲಿ ಸುಮಾರು 28 ದಿನ ನಡೆಯುತ್ತದೆ. ಒದ್ದೆ ಮರಳು ಹಾಕಿದ ಮಣ್ಣಿನ ಕುಡಿಕೆಯೊಳಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರೆ ಬೇಸಿಗೆಗೂ ತಡೆದುಕೊಳ್ಳುತ್ತದೆ. ಸಿರಿಂಜ್ ಮಾತ್ರ ಎರಡೆರಡು ಸಲ ನೋಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಸಿಗುವುದು ಒಂದು ಮಿಲಿಗೆ 40 ಯೂನಿಟ್ಟಿನ ಬಾಟಲಿ, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. 100 ಯೂನಿಟ್ಟಿನ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ಒಳಗೆ ಹೋಗುವುದು ಎರಡೂವರೆ ಪಟ್ಟು.

ಗಾಯ, ತುರಿ, ನಾಯಿ ಕಡಿತ

ಗಾಯವನ್ನು ಸಲೈನಿನಿಂದ ಧಾರಾಳವಾಗಿ ತೊಳೆಯುವುದೇ ಅರ್ಧ ಚಿಕಿತ್ಸೆ. ಹೈಡ್ರೋಜನ್ ಪೆರಾಕ್ಸೈಡ್ ನೊರೆ ಬರುವುದು ನೋಡಲು ಚೆಂದ, ಹೊಸ ಚರ್ಮವನ್ನೂ ಸುಡುತ್ತದೆ. ಹುಳ ಬಿದ್ದ ಗಾಯಕ್ಕೆ ಸೀಮೆಎಣ್ಣೆ, ಪೆಟ್ರೋಲು ಸುರಿಯುವವರಿದ್ದಾರೆ, ತಡೆಯಿರಿ. ಸಡಿಲವಾಗಿ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಕರೆದೊಯ್ಯಿರಿ. ಧನುರ್ವಾಯು ತಡೆಯುವ ಟಿಡಿ (ಹಿಂದಿನ ಟಿಟಿ) ಚುಚ್ಚುಮದ್ದು ಕೇಳಲು ಮರೆಯಬೇಡಿ. ಶುಗರ್ ಇರುವವರ ಚಪ್ಪಲಿ, ಶೂ ಬಿಚ್ಚಿಸಿ ಬೆರಳ ಸಂದು ನೋಡಿ. ನೋವೇ ಗೊತ್ತಾಗದೆ ಮೊಳೆ ಚುಚ್ಚಿಕೊಂಡು ವಾರಗಟ್ಟಲೆ ನಡೆದಿರುತ್ತಾರೆ.

ತುರಿಕಜ್ಜಿಗೆ ಒಬ್ಬರಿಗೆ ಮದ್ದು ಕೊಟ್ಟು ಪ್ರಯೋಜನವಿಲ್ಲ. ಒಂದೇ ಕಡೆ ಮಲಗುವವರಿಗೆಲ್ಲ ಒಂದೇ ರಾತ್ರಿ ಆಗಬೇಕು. ಪರ್ಮೆಥ್ರಿನ್ 5 ಶೇಕಡಾ ಕ್ರೀಮನ್ನು ಕುತ್ತಿಗೆಯಿಂದ ಕೆಳಗೆ, ಉಗುರಿನ ಅಡಿ, ಹೊಕ್ಕುಳು, ತೊಡೆಸಂದು ಬಿಡದೆ ಹಚ್ಚಿ 8ರಿಂದ 14 ಗಂಟೆ ಬಿಟ್ಟು ಸ್ನಾನ. ಒಂದು ವಾರಕ್ಕೆ ಇನ್ನೊಮ್ಮೆ. ತೊಡಕು ಬರುವುದು ಸ್ನಾನದಲ್ಲಿ. ಹಚ್ಚುವ ಮೊದಲೇ ಬೆಳಗಿನ ಸ್ನಾನಕ್ಕೆ ಸುಲಭ ಶೌಚಾಲಯದಲ್ಲಿ ಹಣ ಕಟ್ಟಿಟ್ಟಿರಿ, ಒಂದು ಜೊತೆ ಒಗೆದ ಬಟ್ಟೆ ಸಿದ್ಧವಿರಲಿ. ಸ್ನಾನ ಸಾಧ್ಯವೇ ಇಲ್ಲದ ಕಡೆ ವೈದ್ಯರು ತೂಕ ನೋಡಿ ಐವರ್‌ಮೆಕ್ಟಿನ್ ಮಾತ್ರೆ ಬರೆಯಬಹುದು. ಬಸುರಿಯರಿಗೆ, 15 ಕೆ.ಜಿ.ಗಿಂತ ಕಡಿಮೆಯ ಮಕ್ಕಳಿಗೆ ಅದನ್ನು ಕೊಡುವುದಿಲ್ಲ. ಒಗೆಯಲಾಗದ ಕಂಬಳಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿದು ಕನಿಷ್ಠ 3 ದಿನ ಇಟ್ಟರೆ ನುಸಿ ಸಾಯುತ್ತದೆ. ಆ 3 ದಿನಕ್ಕೆ ಬದಲಿ ಕಂಬಳಿ ಕೊಡದೆ ಯಾರ ಕಂಬಳಿಯನ್ನೂ ಕೇಳಬೇಡಿ.

ನಾಯಿ ಕಚ್ಚಿದರೆ ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆಯಬೇಕು, ಗಡಿಯಾರ ನೋಡಿಕೊಂಡು. ಚರ್ಮಕ್ಕೆ ಕೊಡುವ ರೇಬೀಸ್ ಲಸಿಕೆ 0, 3, 7, 28ನೇ ದಿನ. ರಕ್ತ ಬಂದ ಕಡಿತಕ್ಕೆ ಮೊದಲ ದಿನವೇ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದು ಕೂಡ ಬೇಕು. ನಾಲ್ಕು ದಿನಾಂಕಗಳನ್ನೂ ನಿಮ್ಮ ಪುಸ್ತಕದಲ್ಲಿ ಬರೆದುಕೊಳ್ಳಿ. 28ನೇ ದಿನದ ಹೊತ್ತಿಗೆ ಗಾಯ ಮಾಸಿರುತ್ತದೆ, ಆ ಡೋಸೇ ತಪ್ಪುವುದು.

ಕೆಮ್ಮು ಎರಡು ವಾರ ದಾಟಿದರೆ

ಕಫ ಪರೀಕ್ಷೆ, ಟಿಬಿ ಔಷಧ ಎರಡೂ ಉಚಿತ. ಬೆಳಗ್ಗೆ ಎದ್ದ ಕೂಡಲೇ ಕೆಮ್ಮಿ ತೆಗೆದ ಕಫ ಬೇಕು, ಎಂಜಲಲ್ಲ. ಡಬ್ಬಿಯನ್ನು ಹಿಂದಿನ ರಾತ್ರಿಯೇ ಕೊಟ್ಟು ನಸುಕಿಗೆ ನೀವೇ ಹೋಗಿ ತನ್ನಿ. ಸಾಮಾನ್ಯ ಟಿಬಿಗೆ 6 ತಿಂಗಳ ಚಿಕಿತ್ಸೆ: ಮೊದಲ 2 ತಿಂಗಳು ನಾಲ್ಕು ಔಷಧ ಸೇರಿದ ಮಾತ್ರೆ, ಮುಂದಿನ 4 ತಿಂಗಳು ಮೂರು ಔಷಧದ್ದು. ದಿನಕ್ಕೆಷ್ಟು ಎಂಬುದು ತೂಕದ ಮೇಲೆ: 25ರಿಂದ 34 ಕೆ.ಜಿ.ಗೆ 2, 35ರಿಂದ 49ಕ್ಕೆ 3, 50ರಿಂದ 64ಕ್ಕೆ 4. ಊಟ ಸಿಕ್ಕಿ ತೂಕ ಏರಿದರೆ ಮಾತ್ರೆಯೂ ಬದಲಾಗಬಹುದು, ಹಾಗಾಗಿ ತಿಂಗಳಿಗೊಮ್ಮೆ ತೂಗಿ.

ಮೂತ್ರ ಕೆಂಪು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆಂದು ಮೊದಲ ದಿನವೇ ಹೇಳಿ. ಹೇಳದಿದ್ದರೆ ರಕ್ತವೆಂದು ಹೆದರಿ ನಿಲ್ಲಿಸುತ್ತಾರೆ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಅಂದೇ ಆಸ್ಪತ್ರೆ. ಕುಡಿಯುವವರಲ್ಲಿ ಯಕೃತ್ತಿಗೆ ಪೆಟ್ಟು ಬೇಗ ಬೀಳುತ್ತದೆ. ಟಿಬಿ ಇರುವವರ ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಪೋಷಣ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರಿನಿಂದ 1,000 ಆಗಿದೆ. ಹಣ ಬರಲು ಬ್ಯಾಂಕ್ ಖಾತೆ ಬೇಕು. ಖಾತೆ ಇಲ್ಲವೆಂದು ಮಾತ್ರೆ ನಿಲ್ಲುವಂತಿಲ್ಲ, ಇದನ್ನು ಕೌಂಟರಿನಲ್ಲಿ ಗಟ್ಟಿಯಾಗಿ ಹೇಳಿ. ಟಿಬಿ ದಾಖಲಾತಿಯ ನಿಕ್ಷಯ್ ಸಂಖ್ಯೆಯನ್ನು ರೋಗಿಯ ಕಾರ್ಡಿನಲ್ಲೂ ನಿಮ್ಮ ಪುಸ್ತಕದಲ್ಲೂ ಬರೆಯಿರಿ. ಸುಗ್ಗಿಗೋ ಜಾತ್ರೆಗೋ ರಾಯಚೂರಿಗೆ ಹೋದರೂ ಆ ಸಂಖ್ಯೆಯಿಂದ ಅಲ್ಲಿಗೆ ವರ್ಗಾಯಿಸಬಹುದು.

ಕುಡಿತ, ಮನಸ್ಸಿನ ಕಾಯಿಲೆ

ವರ್ಷಗಟ್ಟಲೆ ದಿನವೂ ಕುಡಿದವರಿಗೆ ‘ಇವತ್ತೇ ಬಿಡು’ ಎನ್ನಬೇಡಿ. ನಿಲ್ಲಿಸಿದ ಮೊದಲ ದಿನ ಕೈ ನಡುಕ, ಎರಡು ದಿನದೊಳಗೆ ಫಿಟ್ಸ್, ಎರಡು ಮೂರನೇ ದಿನಕ್ಕೆ ಮತಿಭ್ರಮೆ ಬರಬಹುದು, ಸಾವೂ ಆಗಬಹುದು. ಬಿಡುವುದು ವೈದ್ಯರ ಕಣ್ಣಳತೆಯಲ್ಲೇ ಆಗಲಿ. ಬೇರೆ ಕಾಯಿಲೆಗೆ ದಾಖಲಾದರೂ ಕುಡಿತದ ವಿಷಯ ಮುಚ್ಚಿಡಬೇಡಿ, ವಾರ್ಡಿನಲ್ಲಿ ಅದು ತಾನಾಗೇ ನಿಲ್ಲುತ್ತದಲ್ಲ. ಗೊತ್ತಿಲ್ಲದಂತೆ ಊಟದಲ್ಲಿ ಬೆರೆಸುವ ‘ಕುಡಿತ ಬಿಡಿಸುವ ಪುಡಿ’ ಯಾವುದನ್ನೂ ಕೊಡಬಾರದು.

2017ರ ಮಾನಸಿಕ ಆರೋಗ್ಯ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಬಿಪಿಎಲ್ ಕಾರ್ಡ್ ಇರಲಿ ಬಿಡಲಿ, ನಿರ್ಗತಿಕರಿಗೆ, ಮನೆಯಿಲ್ಲದವರಿಗೆ ಸರ್ಕಾರಿ ಮಾನಸಿಕ ಚಿಕಿತ್ಸೆ ಉಚಿತ. 100ನೇ ಸೆಕ್ಷನ್ ಪೊಲೀಸರ ಕರ್ತವ್ಯ ಹೇಳುತ್ತದೆ: ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುವವರನ್ನು ರಕ್ಷಣೆಗೆ ಪಡೆದು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ. ಈ ಎರಡು ಸೆಕ್ಷನ್ ಸಂಖ್ಯೆಗಳನ್ನು ಬಾಯಿಪಾಠ ಮಾಡಿ. ಸಲಹೆಗೆ ಟೆಲಿಮಾನಸ್ ಸಹಾಯವಾಣಿ 14416, ಯಾವ ಹೊತ್ತಿನಲ್ಲೂ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್ ಯಾವ ಮಂಗಳವಾರ ಎಂದು ವಿಚಾರಿಸಿಕೊಳ್ಳಿ. ದಿನದ ಮಾತ್ರೆ ಉಳಿಯದವರಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆಯ ಚುಚ್ಚುಮದ್ದು ಒಗ್ಗುವುದೇ ಎಂದು ಕೇಳುವುದು ಒಳ್ಳೆಯದು. ಅವರ ಒಪ್ಪಿಗೆ ಇರಬೇಕು.

ಆಸ್ಪತ್ರೆಗೆ ಜತೆ ಹೋಗುವಾಗ

‘ಬರೋದಿಲ್ಲ’ ಎನ್ನುವವರಲ್ಲಿ ಎಷ್ಟೋ ಮಂದಿಗೆ ಭಯ ಸೂಜಿಯದ್ದಲ್ಲ, ಚೀಲದ್ದು. ಆಯ್ದ ಚಿಂದಿ, ಕಂಬಳಿ, ತಳ್ಳುಗಾಡಿ, ಸಾಕಿದ ನಾಯಿ ಯಾರ ಬಳಿ ಇರಬೇಕೆಂದು ಮೊದಲು ತೀರ್ಮಾನಿಸಿ, ಅವರೆದುರೇ ಚೀಲದ ಬಾಯಿ ಕಟ್ಟಿ ಹೆಸರು ಬರೆದು ಒಪ್ಪಿಸಿ. ಆಮೇಲೆ ಹೊರಡಿ.

ಓಪಿ ಸಾಲಿಗೆ 8:30ಕ್ಕೇ ನಿಲ್ಲಿ. ವಾರ್ಡಿನಲ್ಲಿ ಅಟೆಂಡರ್ ಯಾರೆಂದು ಕೇಳುತ್ತಾರೆ. ಮೊದಲ ಎರಡು ದಿನಕ್ಕೆ ಪಾಳಿ ಹಾಕಿಕೊಂಡು ಒಬ್ಬರು ಇರಿ, ಆಮೇಲೆ ದಿನಕ್ಕೊಮ್ಮೆ ಬಂದು ಹೋದರೂ ನಡೆಯುತ್ತದೆ. ಸಂಬಂಧ ಕೇಳಿದರೆ ಸುಳ್ಳು ಹೇಳಬೇಡಿ, ‘ತಂಡದವರು’ ಎಂದೇ ಬರೆಸಿ. ಶಸ್ತ್ರಚಿಕಿತ್ಸೆಯ ಒಪ್ಪಿಗೆಗೆ ಸಂಬಂಧಿಯೆಂದು ಸಹಿ ಹಾಕಿದರೆ ಮುಂದೆ ತೊಡಕು. 108ಕ್ಕೆ ಕರೆ ಮಾಡುವಾಗ ಕಂಬದ ಸಂಖ್ಯೆ, ಅಂಗಡಿಯ ಫಲಕ, ರಸ್ತೆಯ ಯಾವ ಬದಿ ಎಂದು ಹೇಳಿ, ಗಾಡಿ ಬರುವ ತನಕ ಅಲ್ಲೇ ಇರಿ.

ಬಿಡುಗಡೆಯ ಹಿಂದಿನ ದಿನ ನರ್ಸನ್ನು ಮೂರು ಮಾತು ಕೇಳಿ: ಡ್ರೆಸ್ಸಿಂಗ್ ಎಷ್ಟು ದಿನಕ್ಕೊಮ್ಮೆ, ಹೊಲಿಗೆ ಬಿಚ್ಚುವುದು ಯಾವತ್ತು, ಮಾತ್ರೆ ಎಷ್ಟು ದಿನದ್ದು. ಕಾಲಿಗೆ ಪಟ್ಟಿ ಕಟ್ಟಿದವರನ್ನು ಮಳೆಗಾಲದ ಫುಟ್‌ಪಾತಿಗೆ ಬಿಡುವುದೆಂದರೆ ಎರಡನೇ ಸಲ ದಾಖಲು ಮಾಡಿದ ಹಾಗೇ. ತಂಗುದಾಣದಲ್ಲಿ ಕೆಳಗಿನ ಒಂದು ಹಾಸಿಗೆಯನ್ನು ಅಂದೇ ಹೇಳಿಟ್ಟುಕೊಳ್ಳಿ.

ಯಾರಾದರೂ ಎರಡು ವಾರ ಕಾಣದಿದ್ದರೆ ಮೊದಲು ಟೀ ಅಂಗಡಿಯಲ್ಲಿ ಕೇಳಿ, ಆಮೇಲೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಹೆಸರಿಲ್ಲದೆ ದಾಖಲಾದವರ ಪಟ್ಟಿ ನೋಡಿ, ಆಮೇಲೆ ಠಾಣೆ. ಅವರ ಹೆಸರಿನ ಕವರನ್ನು ಡಬ್ಬಿಯಿಂದ ತೆಗೆದುಹಾಕಬೇಡಿ. ಎರಡು ತಿಂಗಳು ಬಿಟ್ಟು ಹೊಸೂರಿನಿಂದಲೋ ಧರ್ಮಸ್ಥಳದಿಂದಲೋ ವಾಪಸು ಬಂದವರು ಕೇಳುವುದು ‘ನನ್ನ ಮಾತ್ರೆ ಐತಾ?’ ಎಂದೇ. ಅವಧಿ ನೋಡಿ, ಬಿಪಿ ನೋಡಿ, ನಿಂತುಹೋದ ಮಾತ್ರೆಯನ್ನು ಎಷ್ಟರಿಂದ ಮತ್ತೆ ಶುರು ಮಾಡಬೇಕೆಂದು ವೈದ್ಯರಿಗೆ ಅಲ್ಲಿಂದಲೇ ಫೋನು ಮಾಡಿ, ಕೊಡಿ.